ಸಕ್ಕರೆ ಕಾಯಿಲೆ, ರಕ್ತದ ಒತ್ತಡ: ರೈತನ ಮನೆಗೂ ಬಂದ ಹೊಸ ಕಾಲದ ರೋಗಗಳು

ಬೆಳೆಗೆ ರೋಗ ತಗುಲಿದರೆ ಎಲೆಯ ಬಣ್ಣ ನೋಡಿದೊಡನೆ ರೈತನಿಗೆ ತಿಳಿಯುತ್ತದೆ. ಆದರೆ ಅವನ ದೇಹಕ್ಕೇ ಬರುವ ಸಕ್ಕರೆ ಕಾಯಿಲೆ ಮತ್ತು ರಕ್ತದ ಒತ್ತಡ ಹಾಗಲ್ಲ. ಇವು ಹಲವು ವರ್ಷ ಯಾವ ಚಿಹ್ನೆಯನ್ನೂ ತೋರದೆ ಒಳಗೊಳಗೇ ಬೆಳೆಯುತ್ತವೆ. ಕಣ್ಣು ಮಂಜಾದಾಗ, ಕಾಲಿನ ಗಾಯ ಮಾಯದಿದ್ದಾಗ ಅಥವಾ ಇದ್ದಕ್ಕಿದ್ದಂತೆ ಪಾರ್ಶ್ವವಾಯು ಬಡಿದಾಗಲೇ ಎಷ್ಟೋ ಮನೆಗಳಿಗೆ ವಿಷಯ ಗೊತ್ತಾಗುವುದು. ಅಷ್ಟು ಹೊತ್ತಿಗೆ ದುಡಿಯುವ ಆಳು ಮೂಲೆ ಸೇರಿ, ಜಮೀನು ಗುತ್ತಿಗೆಗೆ ಹೋಗುವ ಪರಿಸ್ಥಿತಿ ಬಂದಿರುತ್ತದೆ. ‘ಇವು ಪೇಟೆಯವರ ರೋಗಗಳು, ಮೈಮುರಿದು ದುಡಿಯುವವನಿಗೆ ಬರುವುದಿಲ್ಲ’ ಎಂಬ ನಂಬಿಕೆಯನ್ನು ಈಗ ಬಿಡಬೇಕಾಗಿದೆ.

ಹಳ್ಳಿಯ ಸ್ಥಿತಿ

ಪ್ರಪಂಚದಲ್ಲಿ ಇಂದು ಸಂಭವಿಸುವ ಪ್ರತಿ ನಾಲ್ಕು ಸಾವುಗಳಲ್ಲಿ ಸುಮಾರು ಮೂರಕ್ಕೆ ಅಂಟುಜಾಡ್ಯಗಳಲ್ಲದ ರೋಗಗಳೇ ಕಾರಣ. ಹೃದಯರೋಗ, ಪಾರ್ಶ್ವವಾಯು, ಕ್ಯಾನ್ಸರ್, ಶ್ವಾಸಕೋಶದ ರೋಗ ಮತ್ತು ಸಕ್ಕರೆ ಕಾಯಿಲೆ ಇವುಗಳಲ್ಲಿ ಮುಖ್ಯವಾದವು. ನಮ್ಮ ದೇಶದಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ 2008ರಿಂದ 2020ರವರೆಗೆ ಎಲ್ಲ ರಾಜ್ಯಗಳಲ್ಲಿ ಒಂದು ದೊಡ್ಡ ಸಮೀಕ್ಷೆ ನಡೆಯಿತು. 20 ವರ್ಷ ದಾಟಿದ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಪರೀಕ್ಷಿಸಲಾಯಿತು. 2023ರಲ್ಲಿ ಪ್ರಕಟವಾದ ಅದರ ಫಲಿತಾಂಶದಂತೆ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ. ಪಟ್ಟಣಗಳಲ್ಲಿ ಶೇಕಡಾ 16.4, ಹಳ್ಳಿಗಳಲ್ಲಿ ಶೇಕಡಾ 8.9 ಮಂದಿ ಇದಕ್ಕೆ ತುತ್ತಾಗಿದ್ದಾರೆ.

ಹಳ್ಳಿಯ ಅಂಕಿ ಕಡಿಮೆಯಿದೆ ಎಂದು ಸಮಾಧಾನಪಡುವಂತಿಲ್ಲ. ಕಾಯಿಲೆಯ ಹೊಸ್ತಿಲಲ್ಲಿ ನಿಂತವರು, ಎಂದರೆ ರಕ್ತದಲ್ಲಿ ಸಕ್ಕರೆ ಮಿತಿಗಿಂತ ಸ್ವಲ್ಪ ಏರಿರುವವರು, ಪಟ್ಟಣದಲ್ಲಿ ಶೇಕಡಾ 15.4 ಇದ್ದರೆ ಹಳ್ಳಿಯಲ್ಲಿ ಶೇಕಡಾ 15.2 ಇದ್ದಾರೆ. ಇಲ್ಲಿ ಪಟ್ಟಣಕ್ಕೂ ಹಳ್ಳಿಗೂ ವ್ಯತ್ಯಾಸವೇ ಇಲ್ಲ. ಅದೇ ಸಮೀಕ್ಷೆಯಲ್ಲಿ ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ರಕ್ತದ ಒತ್ತಡ ಕಂಡುಬಂದಿದೆ.

ಊಟ ಬದಲಾಯಿತು, ದುಡಿಮೆಯೂ ಬದಲಾಯಿತು

ಇದು ಹೇಗಾಯಿತು ಎಂಬುದನ್ನು ತಿಳಿಯಲು ಕೊಳ್ಳೇಗಾಲದ ಸೀಮೆಯನ್ನು ನೋಡಬಹುದು. ಮುಳ್ಳೂರಿನಂಥ ಹೊಳೆಬದಿಯ ಊರುಗಳಲ್ಲಿ ನೀರಾವರಿಯ ಭತ್ತ, ಕಬ್ಬು ಮುಖ್ಯ. ಹನೂರಿನ ಕಡೆಗೆ ಹೋದಂತೆ ರಾಗಿ, ಜೋಳ, ಸಾಮೆ, ಅವರೆ, ಹುರುಳಿಯ ಖುಷ್ಕಿ ಭೂಮಿ. ಎರಡು ತಲೆಮಾರಿನ ಹಿಂದೆ ಗದ್ದೆಯಿದ್ದವರ ಮನೆಯಲ್ಲೂ ದಿನದ ಊಟ ರಾಗಿ ಹಿಟ್ಟು ಮತ್ತು ಸೊಪ್ಪು ಕಾಳಿನ ಉಪ್ಸಾರು. ಅನ್ನ ಹಬ್ಬಕ್ಕೆ, ನೆಂಟರಿಗೆ. ಆ ಅಕ್ಕಿಯೂ ಒನಕೆಯಲ್ಲಿ ಕುಟ್ಟಿದ್ದು. ತೌಡಿನ ಪದರ ಸ್ವಲ್ಪಮಟ್ಟಿಗೆ ಅದರಲ್ಲೇ ಉಳಿಯುತ್ತಿತ್ತು.

ಈಗ ಬೆಳ್ಳಗೆ ಪಾಲಿಶ್ ಮಾಡಿದ ಅಕ್ಕಿ ಮೂರು ಹೊತ್ತೂ ತಟ್ಟೆಯಲ್ಲಿದೆ. ಬೆಳಿಗ್ಗೆ ಇಡ್ಲಿ ಅಥವಾ ಚಿತ್ರಾನ್ನ, ಮಧ್ಯಾಹ್ನ ಅನ್ನ, ರಾತ್ರಿ ಮತ್ತೆ ಅನ್ನ. ಅನ್ನದ ಜೊತೆ ತಿಳಿಸಾರು ಬಂತು. ಕಾಳು, ಸೊಪ್ಪು ಹಿಂದಕ್ಕೆ ಸರಿದವು. ನಡುವೆ ಸಕ್ಕರೆ ಹಾಕಿದ ಟೀ, ಬಿಸ್ಕತ್ತು, ಅಂಗಡಿಯ ಕರಿದ ತಿಂಡಿ ಸೇರಿಕೊಂಡವು.

ಇದೇ ಅವಧಿಯಲ್ಲಿ ದುಡಿಮೆಯೂ ಬದಲಾಯಿತು. ಕಪಿಲೆ ಹೊಡೆದು ನೀರೆತ್ತುವ ಜಾಗದಲ್ಲಿ ಪಂಪುಸೆಟ್ಟು, ನೇಗಿಲಿನ ಜಾಗದಲ್ಲಿ ಟ್ರ್ಯಾಕ್ಟರು, ಬೀಸುವ ಕಲ್ಲಿನ ಜಾಗದಲ್ಲಿ ಹಿಟ್ಟಿನ ಗಿರಣಿ ಬಂದವು. ಹೊಲಕ್ಕೆ ನಡೆದು ಹೋಗುತ್ತಿದ್ದವರು ಮೋಟಾರು ಬೈಕಿನಲ್ಲಿ ಹೋಗುತ್ತಾರೆ. ಇವೆಲ್ಲ ರೈತನ ಬೆನ್ನಿನ ಭಾರ ಇಳಿಸಿದ ಸಾಧನಗಳು. ಬೇಡವೆನ್ನುವವರು ಯಾರೂ ಇಲ್ಲ. ಆದರೆ ದುಡಿಮೆ ಕಡಿಮೆಯಾದಷ್ಟು ಅನ್ನದ ಅಳತೆ ಕಡಿಮೆಯಾಗಲಿಲ್ಲ ಎಂಬುದೇ ತೊಂದರೆಯ ಮೂಲ.

ಶಾಂತಸಾಗರದ ನೌರು ಎಂಬ ಪುಟ್ಟ ದ್ವೀಪದ ಕಥೆ ಇದನ್ನು ಇನ್ನೂ ಸ್ಪಷ್ಟಪಡಿಸುತ್ತದೆ. ಅಲ್ಲಿನ ನೆಲದಲ್ಲಿ ಸಿಗುತ್ತಿದ್ದ ರಂಜಕದ ಶಿಲೆಯನ್ನು ಗೊಬ್ಬರಕ್ಕಾಗಿ ಅಗೆದು ಹೊರದೇಶಗಳಿಗೆ ಮಾರಲಾಯಿತು. ಹಣ ಬಂತು, ಆದರೆ ಬೆಳೆಯುವ ನೆಲ ಹೋಯಿತು. ಮೀನು, ತೆಂಗು ತಿಂದು ಬದುಕಿದ್ದ ಜನ ಹಡಗಿನಲ್ಲಿ ಬಂದ ಬಿಳಿ ಅಕ್ಕಿ, ಸಕ್ಕರೆ, ಡಬ್ಬದ ಮಾಂಸಕ್ಕೆ ಒಗ್ಗಿದರು. ದೈಹಿಕ ಶ್ರಮ ನಿಂತಿತು. 1970ರ ದಶಕದಲ್ಲಿ ಪರೀಕ್ಷಿಸಿದಾಗ ವಯಸ್ಕರಲ್ಲಿ ಸುಮಾರು ಮೂರನೆಯ ಒಂದು ಪಾಲು ಜನರಿಗೆ ಸಕ್ಕರೆ ಕಾಯಿಲೆ ಇತ್ತು.

ದೇಹದೊಳಗೆ ನಡೆಯುವುದೇನು?

ಅನ್ನವಾಗಲಿ ಹಿಟ್ಟಾಗಲಿ, ಅದರಲ್ಲಿರುವ ಪಿಷ್ಟ ಜೀರ್ಣವಾಗಿ ಸಕ್ಕರೆಯಾಗಿ ರಕ್ತಕ್ಕೆ ಸೇರುತ್ತದೆ. ರಕ್ತದಿಂದ ಅದು ಮಾಂಸಖಂಡಗಳಿಗೆ ಹೋಗಲು ಇನ್ಸುಲಿನ್ ಎಂಬ ರಸ ಬೇಕು. ಇದನ್ನು ಕಾಲುವೆ ಮತ್ತು ತೂಬಿಗೆ ಹೋಲಿಸಬಹುದು. ತೂಬು ತೆರೆದರೆ ಕಾಲುವೆಯ ನೀರು ಗದ್ದೆಗೆ ಹರಿಯುತ್ತದೆ. ತೂಬು ತುಕ್ಕು ಹಿಡಿದರೆ ಕಾಲುವೆ ಉಕ್ಕುತ್ತದೆ, ಗದ್ದೆ ಒಣಗುತ್ತದೆ. ಹೊಟ್ಟೆಯ ಸುತ್ತ ಕೊಬ್ಬು ಬೆಳೆದು ಮಾಂಸಖಂಡಗಳಿಗೆ ಕೆಲಸ ತಪ್ಪಿದಾಗ ಇನ್ಸುಲಿನ್ ಎಂಬ ತೂಬು ಬಿಗಿಯಾಗುತ್ತದೆ. ರಕ್ತದಲ್ಲಿ ಸಕ್ಕರೆ ಏರುತ್ತದೆ, ಮೈಗೆ ಮಾತ್ರ ನಿಶ್ಶಕ್ತಿ. ಹೆಚ್ಚಿದ ಸಕ್ಕರೆ ಕಣ್ಣು, ಮೂತ್ರಪಿಂಡ ಮತ್ತು ಕಾಲಿನ ನರಗಳನ್ನು ಕ್ರಮೇಣ ಕೆಡಿಸುತ್ತದೆ. ರಕ್ತದ ಒತ್ತಡವೂ ಜೊತೆಗಿದ್ದರೆ ಹಾನಿ ಇನ್ನೂ ಬೇಗ.

ತಾಯಿಯ ಗರ್ಭದಿಂದಲೇ ಆರಂಭ

ಇದಕ್ಕೆ ಇನ್ನೊಂದು ಬೇರು ಇದೆ. ಮೈಸೂರಿನಲ್ಲಿ ಜನರು ಮಿಷನ್ ಆಸ್ಪತ್ರೆ ಎಂದು ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕವನ್ನು ಬರೆದಿಟ್ಟಿದ್ದರು. 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿದ 517 ಮಂದಿಯನ್ನು ಅವರ ಮಧ್ಯವಯಸ್ಸಿನಲ್ಲಿ ಮತ್ತೆ ಹುಡುಕಿ ಪರೀಕ್ಷಿಸಿದಾಗ ತಿಳಿದದ್ದು ಇದು: ಹುಟ್ಟಿದಾಗ ಸುಮಾರು ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಗಿದವರಲ್ಲಿ ಶೇಕಡಾ 11 ಮಂದಿಗೆ ಹೃದಯರೋಗವಿತ್ತು; ಮೂರು ಕಿಲೋಗಿಂತ ಹೆಚ್ಚು ತೂಗಿದವರಲ್ಲಿ ಶೇಕಡಾ 3 ಮಂದಿಗೆ ಮಾತ್ರ. 1996ರಲ್ಲಿ ಪ್ರಕಟವಾದ ಈ ಫಲಿತಾಂಶ ಲೋಕದ ವೈದ್ಯರ ಗಮನ ಸೆಳೆಯಿತು. ಬಸಿರಿ ಹೆಂಗಸು ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ಉಣ್ಣುವ ಪದ್ಧತಿ ಮುಂದಿನ ತಲೆಮಾರಿನ ಆರೋಗ್ಯವನ್ನೂ ಕೆಡಿಸಬಲ್ಲದು. ಎಳೆಯ ಪೈರಿಗೆ ತಪ್ಪಿದ ಗೊಬ್ಬರವನ್ನು ತೆನೆಯಾದ ಮೇಲೆ ಹಾಕಿ ಪ್ರಯೋಜನವಿಲ್ಲ ಎಂಬುದನ್ನು ರೈತರಿಗೆ ಬೇರೆ ಹೇಳಬೇಕಾಗಿಲ್ಲ.

ರಾಗಿ ಔಷಧವಲ್ಲ, ಒಳ್ಳೆಯ ಆಹಾರ

‘ರಾಗಿ ತಿಂದರೆ ಸಕ್ಕರೆ ಕಾಯಿಲೆ ಹತ್ತಿರ ಸುಳಿಯುವುದಿಲ್ಲ’ ಎಂಬ ಮಾತು ಪ್ರಚಾರದಲ್ಲಿದೆ. ಇದು ಅರ್ಧ ಸತ್ಯ. ನೂರು ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರಿನಂಶ ಮತ್ತು 350 ಮಿಲಿಗ್ರಾಂ ಸುಣ್ಣದ ಅಂಶ ಇವೆ. ಪಾಲಿಶ್ ಅಕ್ಕಿಯಲ್ಲಿ ನಾರು 3 ಗ್ರಾಂ ಕೂಡ ಇಲ್ಲ. ಸುಣ್ಣ ಸುಮಾರು 10 ಮಿಲಿಗ್ರಾಂ ಮಾತ್ರ. ಆದರೆ ರಾಗಿಯಲ್ಲೂ ಹೆಚ್ಚಿನ ಪಾಲು ಇರುವುದು ಪಿಷ್ಟವೇ. ನಯವಾಗಿ ಬೀಸಿ ಜರಡಿ ಹಿಡಿದ ಹಿಟ್ಟಿನ ತೆಳ್ಳನೆಯ ಗಂಜಿ, ಅದರಲ್ಲೂ ಬೆಲ್ಲ ಹಾಕಿದ ಮಾಲ್ಟು, ರಕ್ತದ ಸಕ್ಕರೆಯನ್ನು ಬೇಗನೆ ಏರಿಸುತ್ತದೆ. ದೊಡ್ಡ ಎರಡು ಮುದ್ದೆಯನ್ನು ಬರಿಯ ತಿಳಿಸಾರಿನಲ್ಲಿ ನುಂಗಿದರೂ ಅಷ್ಟೆ.

ಮೇಲೆ ಹೇಳಿದ ಸಮೀಕ್ಷೆಯ ಆಹಾರ ವರದಿ 2025ರಲ್ಲಿ ಹೊರಬಂದಿದೆ. ನಮ್ಮವರು ಪಡೆಯುವ ಶಕ್ತಿಯಲ್ಲಿ ಶೇಕಡಾ 62 ಭಾಗ ಪಿಷ್ಟ ಮತ್ತು ಸಕ್ಕರೆಯಿಂದಲೇ ಬರುತ್ತದೆ. ಅಕ್ಕಿ ಬಿಟ್ಟು ಗೋಧಿ ಅಥವಾ ಸಿರಿಧಾನ್ಯದ ಹಿಟ್ಟಿಗೆ ಬದಲಾದರಷ್ಟೇ ಅಪಾಯ ಕಡಿಮೆಯಾಗಲಿಲ್ಲ. ಧಾನ್ಯದ ಒಂದು ಪಾಲನ್ನು ಇಳಿಸಿ ಆ ಜಾಗದಲ್ಲಿ ಕಾಳು, ಬೇಳೆ, ಹಾಲು, ಮೊಸರು ಬಂದಾಗ ಅಪಾಯ ತಗ್ಗುವುದು ಕಂಡುಬಂತು. ಹಳೆಯ ಊಟದ ಗುಣ ರಾಗಿಯೊಂದರಲ್ಲೇ ಇರಲಿಲ್ಲ. ಹಿಟ್ಟಿನ ಜೊತೆಗಿದ್ದ ಅವರೆಕಾಳು, ಹುರುಳಿ, ಸೊಪ್ಪು ಮತ್ತು ದಿನವಿಡೀ ನಡೆಯುತ್ತಿದ್ದ ದುಡಿಮೆ, ಇವೆಲ್ಲ ಕೂಡಿದ ಗುಣ ಅದು.

ಐದು ಜನರ ಮನೆಯ ಲೆಕ್ಕ

ಸಾಧಾರಣ ಕೆಲಸ ಮಾಡುವ ಒಬ್ಬರಿಗೆ ದಿನಕ್ಕೆ ಸುಮಾರು 250 ಗ್ರಾಂ ಧಾನ್ಯ, 85 ಗ್ರಾಂ ಬೇಳೆಕಾಳು, 400 ಗ್ರಾಂ ತರಕಾರಿ ಮತ್ತು ಸೊಪ್ಪು ಸಾಕು. ನಾಟಿ, ಕೊಯ್ಲಿನ ದಿನಗಳಲ್ಲಿ ಧಾನ್ಯ ಹೆಚ್ಚು ಬೇಕಾಗಬಹುದು. ಇದರಂತೆ ಐದು ಜನರ ಕುಟುಂಬಕ್ಕೆ ದಿನಕ್ಕೆ ಸುಮಾರು 400 ಗ್ರಾಂ ಬೇಳೆಕಾಳು ಮತ್ತು 2 ಕಿಲೋ ತರಕಾರಿ ಸೊಪ್ಪು ಆಗಬೇಕು.

ಉಪ್ಪು ತಲೆಗೆ ದಿನಕ್ಕೆ 5 ಗ್ರಾಂ ಮೀರಬಾರದು. ಐದು ಜನಕ್ಕೆ ತಿಂಗಳಿಗೆ ಮುಕ್ಕಾಲು ಕಿಲೋ ಆಯಿತು. ಅದಕ್ಕಿಂತ ಹೆಚ್ಚು ಖರ್ಚಾಗುತ್ತಿದ್ದರೆ ಉಪ್ಪಿನಕಾಯಿ, ಹಪ್ಪಳ, ಉಪ್ಸಾರಿನ ಖಾರದಲ್ಲಿ ಹಿಡಿತವಿರಬೇಕು. ಸಕ್ಕರೆ, ಬೆಲ್ಲ ಎರಡೂ ಸೇರಿ 25 ಗ್ರಾಂ ಮಿತಿ. ಎರಡೆರಡು ಚಮಚ ಸಕ್ಕರೆಯ ನಾಲ್ಕು ಲೋಟ ಟೀ ಕುಡಿದರೆ ಅದರಲ್ಲೇ 40 ಗ್ರಾಂ ಆಗುತ್ತದೆ. ಸಕ್ಕರೆ ಕಾಯಿಲೆ ಇರುವವರಿಗೆ ಬೆಲ್ಲ ಒಳ್ಳೆಯದು ಎಂಬುದೂ ತಪ್ಪು ತಿಳಿವಳಿಕೆ.

ಹೊಲದಲ್ಲಿ ಮಾಡಬೇಕಾದ ಏರ್ಪಾಡು

ಗದ್ದೆಯಲ್ಲಿ ಭತ್ತ, ಕಬ್ಬು ಬೆಳೆಯುವುದನ್ನು ನಿಲ್ಲಿಸಬೇಕಾಗಿಲ್ಲ. ಮಾರುವ ಬೆಳೆಯ ಜೊತೆಗೆ ಮನೆಯ ಊಟದ ಬೆಳೆಗೂ ಒಂದಿಷ್ಟು ನೆಲ ಮೀಸಲಿಟ್ಟರೆ ಸಾಕು. ಐದು ಜನರ ಧಾನ್ಯದಲ್ಲಿ ಅರ್ಧ ರಾಗಿ ಎಂದಿಟ್ಟುಕೊಂಡರೆ ವರ್ಷಕ್ಕೆ ಸುಮಾರು ಎರಡೂಕಾಲು ಕ್ವಿಂಟಾಲು ಬೇಕು. ಎಕರೆಗೆ 8 ಕ್ವಿಂಟಾಲು ಇಳುವರಿ ಬರುವ ಖುಷ್ಕಿಯಲ್ಲಿ ಇದಕ್ಕೆ 12 ಗುಂಟೆ ಸಾಕು. ರಾಗಿ ಕಡಿಮೆ ಇಳುವರಿಯ ಬೆಳೆ ಎಂಬ ಮಾತು ಹಳೆಯದಾಯಿತು. ಮಂಡ್ಯದ ವಿ.ಸಿ. ಫಾರಂನಲ್ಲಿ ‘ರಾಗಿ ಲಕ್ಷ್ಮಣಯ್ಯ’ನವರು ಆಫ್ರಿಕದ ರಾಗಿಯನ್ನು ನಮ್ಮ ರಾಗಿಯೊಡನೆ ಸಂಕರಿಸಿ ಇಂಡಾಫ್ ತಳಿಗಳನ್ನು ಕೊಟ್ಟ ಮೇಲೆ, ಬೆಂಕಿರೋಗ ತಡೆಯುವ ಜಿಪಿಯು-28ರಂಥ ತಳಿಗಳೂ ಬಂದಿವೆ.

ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿ ಅಥವಾ ಒಂದು ಸಾಲು ಅವರೆ ಹಾಕಿದರೆ ಹಿಟ್ಟಿಗೆ ಬೇಕಾದ ಕಾಳು ಅದೇ ಹೊಲದಲ್ಲಿ ಸಿಗುತ್ತದೆ. ಹಿಂಗಾರಿನ ತೇವದಲ್ಲಿ ಹುರುಳಿ ಬರುತ್ತದೆ. ಗದ್ದೆಯ ಬದುವಿನ ಮೇಲೆ ಅಲಸಂದೆ, ತೊಗರಿ ಹಾಕಬಹುದು. ಹಿತ್ತಿಲಲ್ಲಿ ಎರಡು ಮೂರು ಗುಂಟೆ ಕೈತೋಟ ಮಾಡಿ, ಬಚ್ಚಲಿನ ನೀರು ಹರಿಸಿ ನುಗ್ಗೆ, ಕರಿಬೇವು ಬೆಳೆಸಬಹುದು. ಒಳ್ಳೆಯ ನೀರಿನಲ್ಲಿ ದಂಟು, ಬದನೆ, ಹೀರೆ, ಸೋರೆ ಬೆಳೆಸಬಹುದು. ತಳಿ ಮತ್ತು ಬೀಜದ ಬಗ್ಗೆ ರೈತ ಸಂಪರ್ಕ ಕೇಂದ್ರವನ್ನು ಅಥವಾ ಚಾಮರಾಜನಗರದ ಬಳಿ ಹರದನಹಳ್ಳಿಯಲ್ಲಿರುವ ಕೃಷಿ ವಿಜ್ಞಾನ ಕೇಂದ್ರವನ್ನು ವಿಚಾರಿಸಬಹುದು.

ಪರೀಕ್ಷೆ ಮತ್ತು ಎಚ್ಚರಿಕೆ

1. 30 ವರ್ಷ ದಾಟಿದ ಪ್ರತಿಯೊಬ್ಬರೂ ವರ್ಷಕ್ಕೊಮ್ಮೆ ಆರೋಗ್ಯ ಕೇಂದ್ರದಲ್ಲಿ ರಕ್ತದ ಒತ್ತಡ ಮತ್ತು ಸಕ್ಕರೆ ಪರೀಕ್ಷೆ ಮಾಡಿಸಬೇಕು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಸಕ್ಕರೆ 126 ಅಥವಾ ಹೆಚ್ಚು, ರಕ್ತದ ಒತ್ತಡ 140/90 ಅಥವಾ ಹೆಚ್ಚು ಬಂದರೆ ಮತ್ತೊಮ್ಮೆ ಪರೀಕ್ಷಿಸಿಕೊಂಡು ವೈದ್ಯರ ಸಲಹೆ ಪಡೆಯಬೇಕು.

2. ಸೊಂಟದ ಸುತ್ತಳತೆ ಗಂಡಸರಲ್ಲಿ 90 ಸೆಂ.ಮೀ., ಹೆಂಗಸರಲ್ಲಿ 80 ಸೆಂ.ಮೀ. ದಾಟದಂತೆ ನೋಡಿಕೊಳ್ಳಬೇಕು. ಬಿಡುವಿನ ಕಾಲದಲ್ಲಿ, ಮಗ್ಗದ ಮುಂದೆ ಅಥವಾ ಅಂಗಡಿಯಲ್ಲಿ ಕುಳಿತು ಕೆಲಸ ಮಾಡುವವರು ಪ್ರತಿದಿನವೂ, ಅರ್ಧ ಗಂಟೆ ಬಿರುಸಾಗಿ ನಡೆಯಬೇಕು.

3. ಸಕ್ಕರೆ ಕಾಯಿಲೆ ಇರುವ ರೈತ ಬರಿಗಾಲಿನಲ್ಲಿ ಗದ್ದೆಗೆ ಇಳಿಯಬಾರದು. ನರ ಕೆಟ್ಟ ಕಾಲಿಗೆ ಮುಳ್ಳು, ಕೂಳೆ ಚುಚ್ಚಿದ್ದು ತಿಳಿಯುವುದಿಲ್ಲ. ಸಣ್ಣ ಗಾಯ ಕೊಳೆತು ಬೆರಳು, ಪಾದ ತೆಗೆಯಬೇಕಾದೀತು. ಗಮ್‌ಬೂಟು ಹಾಕಬೇಕು, ಸಂಜೆ ಕಾಲು ತೊಳೆದು ಒರೆಸಿ, ಬೆರಳ ಸಂದುಗಳನ್ನೂ ಅಂಗಾಲನ್ನೂ ಮನೆಯವರಿಂದ ನೋಡಿಸಿಕೊಳ್ಳಬೇಕು.

4. ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಂಡು ಊಟ ಬಿಟ್ಟು ಬಿಸಿಲಲ್ಲಿ ದುಡಿಯಬಾರದು. ಸಕ್ಕರೆ ಏಕಾಏಕಿ ಇಳಿದು ನಡುಕ, ಬೆವರು, ಕಣ್ಣುಕತ್ತಲೆ ಬರಬಹುದು. ಆಗ ತಕ್ಷಣ ತಿನ್ನಲು ಒಂದಿಷ್ಟು ಸಕ್ಕರೆ ಜೇಬಿನಲ್ಲಿರಲಿ.

5. ಸುಗ್ಗಿಯ ಗಡಿಬಿಡಿಯಲ್ಲಿ, ಅಥವಾ ‘ಈಗ ಚೆನ್ನಾಗಿದ್ದೇನೆ’ ಎಂದು, ಮಾತ್ರೆ ನಿಲ್ಲಿಸಬಾರದು.

6. ಬೀಡಿ, ಹೊಗೆಸೊಪ್ಪು, ಹೆಂಡ ಬಿಡಬೇಕು. ಇವು ರಕ್ತನಾಳದ ಶತ್ರುಗಳು.

‘ಊಟ ಬಲ್ಲವನಿಗೆ ರೋಗವಿಲ್ಲ’ ಎಂದು ಹಿರಿಯರು ಹೇಳಿದ್ದಾರೆ. ಪೇಟೆಯವರು ಒಳ್ಳೆಯ ಕಾಳು, ತಾಜಾ ಸೊಪ್ಪನ್ನು ಹಣ ಕೊಟ್ಟು ಹುಡುಕಬೇಕು; ರೈತ ತನ್ನ ಬದುವಿನಲ್ಲೇ ಬೆಳೆದುಕೊಳ್ಳಬಲ್ಲ. ಈ ಮುಂಗಾರಿಗೆ ಬೀಜದ ಲೆಕ್ಕ ಹಾಕುವಾಗ ಮಾರುಕಟ್ಟೆಯ ಜೊತೆಗೆ ಮನೆಯ ತಟ್ಟೆಯನ್ನೂ ನೆನೆದು, ಮನೆಯ ದೊಡ್ಡವರೆಲ್ಲ ಒಮ್ಮೆ ಪರೀಕ್ಷೆ ಮಾಡಿಸಿಕೊಂಡರೆ, ಈ ರೋಗಗಳನ್ನು ಬಹುಮಟ್ಟಿಗೆ ತಡೆಯುವುದು ಸಾಧ್ಯ.