ಮುಷ್ಟಿಯ ಬಲ ಬರುವುದೆಲ್ಲಿಂದ?

ಪಾಚಿಗಟ್ಟಿದ ಕಲ್ಲಿನ ಮೇಲೆ ನಿಂತು ಭಾರವಾದ ಬಂಡಿಯನ್ನು ತಳ್ಳಲು ಯತ್ನಿಸಿದವರಿಗೆ ಒಂದು ಸಂಗತಿ ತಾನಾಗಿ ತಿಳಿದಿರುತ್ತದೆ. ತೋಳಿನಲ್ಲಿ ಎಷ್ಟೇ ಕಸುವಿರಲಿ, ಕಾಲು ಜಾರಿದರೆ ಬಂಡಿ ಕದಲುವುದಿಲ್ಲ. ತಳ್ಳಿದವನೇ ಹಿಂದಕ್ಕೆ ಸರಿಯುತ್ತಾನೆ. ಕರಾಟೆಯ ಹೊಡೆತದ ಮರ್ಮವೂ ಇದರಲ್ಲಿಯೇ ಅಡಗಿದೆ.

ಕರಾಟೆ ಬೆಳೆದು ರೂಪುಗೊಂಡದ್ದು ಜಪಾನಿನ ದಕ್ಷಿಣಕ್ಕಿರುವ ಓಕಿನಾವಾ ದ್ವೀಪದಲ್ಲಿ. ಅಲ್ಲಿಯ ಆಚಾರ್ಯ ಇತೋಸು ಆಂಕೋ ಅವರು ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ ಶಾಲಾ ವಿದ್ಯಾರ್ಥಿಗಳಿಗೆಂದು ಐದು 'ಕಟಾ'ಗಳನ್ನು ರೂಪಿಸಿದರು. ಎದುರಾಳಿಯನ್ನು ಮನಸ್ಸಿನಲ್ಲಿ ಕಲ್ಪಿಸಿಕೊಂಡು, ಗೊತ್ತಾದ ಕ್ರಮದಲ್ಲಿ ಮಾಡುವ ತಡೆ-ಹೊಡೆತಗಳ ಮಾಲೆಗೆ ಕಟಾ ಎಂದು ಹೆಸರು. 1922ರಲ್ಲಿ ಈ ವಿದ್ಯೆಯನ್ನು ಟೋಕಿಯೋ ನಗರಕ್ಕೆ ಒಯ್ದ ಫುನಾಕೋಶಿ ಗಿಚಿನ್ ಅವರು ಮುಂದೆ ಇವುಗಳನ್ನು 'ಹೇಯಾನ್' ಎಂದು ಕರೆದರು. ಮೊದಲನೆಯದಾದ 'ಹೇಯಾನ್ ಶೋದಾನ್' 21 ಚಲನೆಗಳುಳ್ಳದ್ದು. ಅದರ ಮೊದಲೆರಡು ಚಲನೆಗಳನ್ನು ಪರಿಶೀಲಿಸೋಣ.

ಅಭ್ಯಾಸಿಯು ಎಡಕ್ಕೆ ತಿರುಗಿ, ಎಡಗಾಲನ್ನು ಮುಂದಿಟ್ಟು ಮಂಡಿ ಬಾಗಿಸಿ, ಎಡ ಮುಂಗೈಯನ್ನು ಕೆಳಕ್ಕೆ ಬೀಸಿ ಒದೆತವೊಂದನ್ನು ತಡೆಯುತ್ತಾನೆ. ಆಗ ಅವನ ಸೊಂಟ ಓರೆಯಾಗಿರುತ್ತದೆ. ಅದರ ಬಲಭಾಗ ಹಿಂದುಳಿದಿರುತ್ತದೆ. ಎರಡನೆಯ ಚಲನೆಯಲ್ಲಿ ಬಲಗಾಲನ್ನು ಮುಂದಿಡುತ್ತ ಬಲಮುಷ್ಟಿಯಿಂದ ಗುದ್ದುತ್ತಾನೆ, ಸೊಂಟ ನೇರವಾಗುತ್ತದೆ. ಆದುದರಿಂದ ಮೊದಲಿನದು ಕೇವಲ ತಡೆಯಲ್ಲ. ಮುಂದಿನ ಗುದ್ದಿಗೆ ಬೇಕಾದ ತಿರುವನ್ನೂ ಅದು ಸಿದ್ಧಪಡಿಸಿಡುತ್ತದೆ. ಈ ಎರಡನ್ನು ಜೋಡಿಸಿದುದರ ಔಚಿತ್ಯ ಇದೇ.

ಗುದ್ದುವಾಗ, ಊರಿದ ಎಡಗಾಲು ನೆಲವನ್ನು ಹಿಂದಕ್ಕೆ ಒತ್ತುತ್ತದೆ. ನೆಲವು ದೇಹವನ್ನು ಮುಂದಕ್ಕೆ ಒತ್ತುತ್ತದೆ. ಈ ಚಲನೆ ಸೊಂಟದಿಂದ ಮುಂಡಕ್ಕೆ, ಹೆಗಲಿಗೆ, ಮೊಳಕೈಗೆ, ಕೊನೆಗೆ ಮುಷ್ಟಿಗೆ ದಾಟುತ್ತದೆ. ಭಾರವಾದ ಅಂಗ ಮೊದಲು, ಹಗುರವಾದದ್ದು ಆಮೇಲೆ. ತೋಳು ಅವಸರಪಟ್ಟು ಮೊದಲೇ ಚಾಚಿಕೊಂಡರೆ ಸೊಂಟದ ತಿರುವು ವ್ಯರ್ಥವಾಗುತ್ತದೆ.

1979ರಲ್ಲಿ ಮೈಕೇಲ್ ಫೆಲ್ಡ್, ಮುಂದೆ ಗಗನಯಾತ್ರಿಯಾದ ರೊನಾಲ್ಡ್ ಮ್ಯಾಕ್‌ನೇರ್ ಮತ್ತು ಸ್ಟೀಫನ್ ವಿಲ್ಕ್ ಎಂಬ ವಿಜ್ಞಾನಿಗಳು ಕರಾಟೆಯ ಭೌತಶಾಸ್ತ್ರವನ್ನು ಕುರಿತು ಬರೆದರು. ಪಳಗಿದವರ ಕೈ ಸೆಕೆಂಡಿಗೆ 10ರಿಂದ 14 ಮೀಟರ್ ವೇಗವನ್ನು ಮುಟ್ಟಬಲ್ಲದೆಂದು ಅವರ ಲೇಖನದಿಂದ ತಿಳಿಯುತ್ತದೆ. ವೇಗ ಇಮ್ಮಡಿಯಾದರೆ ಚಲನಶಕ್ತಿ ನಾಲ್ಮಡಿಯಾಗುವುದನ್ನು ನೆನೆಯಿರಿ. ಆದರೆ ತೋಳು ಪೂರ್ತಿ ಚಾಚಿದ ಕ್ಷಣದಲ್ಲಿ ಮುಷ್ಟಿ ನಿಂತೇಬಿಡುತ್ತದೆ. ಅತ್ಯಧಿಕ ವೇಗ ದೊರೆಯುವುದು ಅದಕ್ಕೆ ಮುಂಚೆ; ಆದುದರಿಂದ ಗುರಿಯನ್ನು ಮುಟ್ಟಬೇಕಾದುದೂ ಆಗಲೇ.

ಗುದ್ದುವಾಗ ಎಡಗೈಯನ್ನು ರಭಸದಿಂದ ಸೊಂಟಕ್ಕೆ ಸೆಳೆದುಕೊಳ್ಳುತ್ತಾರೆ. ನ್ಯೂಟನ್ನನ ಮೂರನೆಯ ನಿಯಮದಂತೆ, ಎಡಗೈ ಹಿಂದೆ ಬಂದಷ್ಟೇ ಬಲದಿಂದ ಬಲಗೈ ಮುಂದೆ ಹೋಗುವುದೆಂದು ಇದಕ್ಕೆ ವಿವರಣೆ ಕೊಡುವುದುಂಟು. ಈ ವಿವರಣೆ ಸರಿಯಲ್ಲ. ಕ್ರಿಯೆ ಪ್ರತಿಕ್ರಿಯೆಗಳು ಒಂದರ ಮೇಲೊಂದು ಬಲ ಹಾಕುವ ಎರಡು ವಸ್ತುಗಳ ನಡುವಿನವು. ಇಲ್ಲಿ ಎರಡು ಕೈಗಳು ಒಂದನ್ನೊಂದು ಮುಟ್ಟುವುದೇ ಇಲ್ಲ. ಮುಂದೆ ಹೋಗುವ ಬಲಗೈ ಬಲಹೆಗಲನ್ನು ಹಿಂದಕ್ಕೆ ತಳ್ಳುತ್ತದೆ. ಹಿಂದೆ ಬರುವ ಎಡಗೈ ಎಡಹೆಗಲನ್ನು ಮುಂದಕ್ಕೆ ಎಳೆಯುತ್ತದೆ. ಎರಡೂ ಸೇರಿ ಮುಂಡವನ್ನು ಬಲಕ್ಕೆ, ಎಂದರೆ ಗುದ್ದಿನ ತಿರುವಿಗೆ ವಿರುದ್ಧವಾಗಿ, ತಿರುಗಿಸಲೆಳಸುತ್ತವೆ. ಸೆಳೆದ ಕೈ ಎದುರಾಳಿಯ ತೋಳನ್ನು ಹಿಡಿದಿದ್ದರೆ ಮಾತು ಬೇರೆ. ಆಗ ಅವನ ದೇಹವೇ ಮುಷ್ಟಿಯೆಡೆಗೆ ಬರುತ್ತದೆ.

ಸಂದೇಹವಿದ್ದವರು ಒಂದು ಪ್ರಯೋಗ ಮಾಡಿ ನೋಡಬಹುದು. ಸಲೀಸಾಗಿ ತಿರುಗುವ ಕುರ್ಚಿಯಲ್ಲಿ ಕುಳಿತು, ಪಾದಗಳನ್ನು ನೆಲದಿಂದೆತ್ತಿ, ಬಲಮುಷ್ಟಿಯನ್ನು ಮುಂದೆ ಬೀಸುತ್ತ ಎಡಗೈಯನ್ನು ಹಿಂದೆ ಸೆಳೆಯಿರಿ. ಕುರ್ಚಿ ಬಲಕ್ಕೆ ತಿರುಗುವುದು. ಈಗ ಪಾದಗಳನ್ನು ನೆಲಕ್ಕೆ ಊರಿ ಅದನ್ನೇ ಮಾಡಿರಿ, ಮುಂಡ ಅಲುಗದು. ಆ ವ್ಯತ್ಯಾಸ ಪಾದದ್ದು. ತೋಳನ್ನು ಮಾತ್ರ ದಪ್ಪಗಾಗಿಸುವ ತರುಣರು ಇದನ್ನು ಮರೆಯಬಾರದು.