ಅಣ್ಣನನ್ನೂ ಒಂದು ಮಾತು ಕೇಳುತ್ತಾರೆ

ಶ್ರವಣಬೆಳಗೊಳದ ಚಿಕ್ಕಬೆಟ್ಟದ ಮೇಲೆ ಕಾಲುಗಳು ಪೂರ್ತಿಯಾಗಿ ಉಳಿಯದ ಒಂದು ವಿಗ್ರಹವಿದೆ. ಭರತನದು ಅನ್ನುತ್ತಾರೆ. ಎದುರಿನ ದೊಡ್ಡಬೆಟ್ಟದಲ್ಲಿ ತಮ್ಮ ಬಾಹುಬಲಿ, ಸುಮಾರು 58 ಅಡಿ. ತಮ್ಮನನ್ನು ಕಣ್ತುಂಬ ನೋಡಿ ಅಣ್ಣನ ಕಡೆ ತಿರುಗದೆ ಬಸ್ ಹತ್ತುವವರೇ ಹೆಚ್ಚು. ದತ್ತಿನ ಮಾತು ಬಂದಾಗಲೂ ಹೀಗೇ. ಹೊಸದಾಗಿ ಬಂದ ಮಗುವನ್ನು ಎಲ್ಲರೂ ಎತ್ತಿ ಆಡಿಸುತ್ತಾರೆ, ಮೊದಲೇ ಇದ್ದ ಮಗುವನ್ನು ವಿಚಾರಿಸುವವರಿಲ್ಲ.

ತಪ್ಪು ಕಲ್ಪನೆ: ರಕ್ತ ಹಂಚಿಕೊಂಡವರಷ್ಟೇ ಒಡಹುಟ್ಟು.

ಈ ಊರಿನಲ್ಲಿ ನಿಂತು ಹಾಗೆ ಹೇಳಲು ಧೈರ್ಯ ಬೇಕು. ಭರತ, ಬಾಹುಬಲಿ ಒಬ್ಬನೇ ತಂದೆಯ ಮಕ್ಕಳು. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ನಡೆದದ್ದು ಅವರಿಬ್ಬರ ನಡುವೆಯೇ. ಸೋತ ಅಣ್ಣ ಕೊನೆಗೆ ತಮ್ಮನ ಮೇಲೆ ಚಕ್ರವನ್ನೇ ಬಿಟ್ಟ.

ತಪ್ಪು ಕಲ್ಪನೆ: ಹೆತ್ತ ಮಕ್ಕಳಿದ್ದರೆ ದತ್ತು ಕೊಡುವುದಿಲ್ಲ.

ಇದಕ್ಕೆ ಬೇರು 1956ರ ಹಿಂದೂ ದತ್ತು ಕಾಯ್ದೆಯಲ್ಲಿದೆ. ಜೈನರಿಗೂ ಅನ್ವಯಿಸುವ ಆ ಕಾಯ್ದೆಯಲ್ಲಿ ಮಗನಿದ್ದವರು ಇನ್ನೊಂದು ಗಂಡುಮಗುವನ್ನು ದತ್ತು ತೆಗೆದುಕೊಳ್ಳುವಂತಿಲ್ಲ. 2015ರ ಬಾಲನ್ಯಾಯ ಕಾಯ್ದೆಯ ದಾರಿಯಲ್ಲಿ ಈ ಅಡ್ಡಿಯಿಲ್ಲ. ಆದರೆ ಈಗಾಗಲೇ ಇಬ್ಬರು ಮಕ್ಕಳಿದ್ದರೆ, ನೆಂಟರ ಮಕ್ಕಳನ್ನು ಬಿಟ್ಟು, ವಿಶೇಷ ಆರೈಕೆ ಬೇಕಾದ ಅಥವಾ ಮನೆ ಸಿಗುವುದು ಕಷ್ಟವಾದ ಮಕ್ಕಳನ್ನಷ್ಟೇ ಕೊಡುತ್ತಾರೆ. ಆಸ್ತಿಯಲ್ಲಿ ಅಣ್ಣನ ಪಾಲು ಕರಗುತ್ತದಲ್ಲ ಅನ್ನುವವರಿಗೆ: ಕರಗುತ್ತದೆ. ಅಮ್ಮ ಇನ್ನೊಂದು ಹೆತ್ತಿದ್ದರೂ ಕರಗುತ್ತಿತ್ತು.

ತಪ್ಪು ಕಲ್ಪನೆ: ಇದು ದೊಡ್ಡವರ ವ್ಯವಹಾರ.

ಬಾಲನ್ಯಾಯ ಕಾಯ್ದೆಯ ದಾರಿಯಲ್ಲಿ, ಮನೆಯಲ್ಲಿ ಐದು ವರ್ಷ ದಾಟಿದ ಮಗುವಿದ್ದರೆ ಅದರ ಒಪ್ಪಿಗೆಯೂ ದತ್ತಿನ ದಾಖಲೆಗಳ ಜೊತೆ ಹೋಗಬೇಕು. ಆರು ವರ್ಷದ ಪುಟ್ಟ ಹೂಂ ಅಂದರೆ ಏನು ಮಹಾ ಅನ್ನಿಸಬಹುದು. ಆದರೂ ಕೇಳುವ ಆ ಒಂದು ಮಾತು ನನಗೆ ಇಡೀ ಕಾಯ್ದೆಗಿಂತ ಇಷ್ಟ.

ತಪ್ಪು ಕಲ್ಪನೆ: ಬೇರೆ ದೇಶದ ತಂಗಿ ಬಂದ ಕೂಡಲೇ ಅಣ್ಣನ ಮನಸ್ಸು ವಿಶಾಲವಾಗಿಬಿಡುತ್ತದೆ.

ಮೊದಲು ಬರುವುದು ಹೊಟ್ಟೆಕಿಚ್ಚೇ. ಕರ್ನಾಟಕದ ಯಾವುದೋ ಶಿಶುಗೃಹದಿಂದ ಇಟಲಿಯ ಮನೆಯೊಂದಕ್ಕೆ ನಾಲ್ಕು ವರ್ಷದ ಹುಡುಗಿ ಹೋಗಿದ್ದಾಳೆ ಅಂದುಕೊಳ್ಳಿ. ಅಪ್ಪ ಅಮ್ಮನ ಮಡಿಲು ಅವಳದಾಯಿತು, ಅಣ್ಣ ಮುಖ ಊದಿಸಿಕೊಂಡ. ರಾತ್ರಿ ಅವಳು ಬ್ರೆಡ್ಡಿನ ಚೂರನ್ನು ದಿಂಬಿನಡಿ ಬಚ್ಚಿಡುತ್ತಾಳೆ. ಶಿಶುಗೃಹಗಳಿಂದ ಬಂದ ಎಷ್ಟೋ ಮಕ್ಕಳಿಗೆ ಇರುವ ಅಭ್ಯಾಸ ಅದು. ಪಕ್ಕದ ಮಂಚದ ಅಣ್ಣನಿಗೇ ಅದು ಮೊದಲು ಕಾಣುವುದು. ಒಂದು ವಾರ ಅಮ್ಮನಿಗೆ ಚಾಡಿ ಹೇಳುತ್ತಾನೆ. ಆಮೇಲೊಂದು ದಿನ ತನ್ನ ತಟ್ಟೆಯದನ್ನೂ ತಂದು ಅಲ್ಲೇ ಇಡುತ್ತಾನೆ. ನಾಳೆ ಊಟ ಸಿಗುತ್ತದೆಂಬ ನಂಬಿಕೆ ಎಲ್ಲರಿಗೂ ಇಲ್ಲವೆಂದು ಅವನಿಗೆ ಯಾವ ಮೇಷ್ಟರೂ ಹೇಳಿಕೊಟ್ಟದ್ದಲ್ಲ. ಶಾಲೆಯಲ್ಲಿ 'ಇವಳು ನಿನ್ನ ಸ್ವಂತ ತಂಗಿಯಾ?' ಎಂದು ಕೇಳಿದವರಿಗೆ ಉತ್ತರ ಹುಡುಕಬೇಕಾದವನೂ ಅವನೇ.

ತಪ್ಪು ಕಲ್ಪನೆ: ವಿದೇಶಕ್ಕೆ ಕೊಟ್ಟ ಮಗು ಕೈಬಿಟ್ಟಂತೆ.

ಒಂದು ಕಾಲದ ಭಯಕ್ಕೆ ಕಾರಣಗಳಿದ್ದವು. ಅದಕ್ಕೇ 1984ರಲ್ಲಿ ಲಕ್ಷ್ಮೀಕಾಂತ ಪಾಂಡೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ವಿದೇಶಿ ದತ್ತಿಗೆ ಕಟ್ಟುಪಾಡು ಹಾಕಿತು. 2003ರಲ್ಲಿ ಭಾರತ ದೇಶಗಳ ನಡುವಿನ ದತ್ತಿನ ಹೇಗ್ ಒಪ್ಪಂದವನ್ನು ಅನುಮೋದಿಸಿತು. ಮಗು ಹೋದ ಮೇಲೆ ಮೊದಲ ವರ್ಷ ಮೂರು ತಿಂಗಳಿಗೊಮ್ಮೆ, ಎರಡನೆಯ ವರ್ಷ ಆರು ತಿಂಗಳಿಗೊಮ್ಮೆ ವರದಿ ಬರಬೇಕು.

ಹದಿನೆಂಟು ತುಂಬಿದ ಮೇಲೆ ತಂಗಿ ತನ್ನ ಹುಟ್ಟಿನ ಬೇರು ಹುಡುಕಲು ತಾನೇ ಅರ್ಜಿ ಹಾಕಬಹುದು. ಅವಳ ಪರವಾಗಿ ಮೂರನೆಯವರು ಹುಡುಕುವಂತಿಲ್ಲ. ಅಣ್ಣ ಬೇಕಿದ್ದರೆ ಜೊತೆಗೆ ಬರಲಿ. ಹಾಗೆ ಬಂದವರು ಶ್ರವಣಬೆಳಗೊಳಕ್ಕೂ ಬಂದು ದೊಡ್ಡಬೆಟ್ಟ ಹತ್ತುವುದಾದರೆ ಇಬ್ಬರೂ ಚಪ್ಪಲಿ ಬಿಟ್ಟೇ ಹತ್ತಬೇಕು. ಮಧ್ಯಾಹ್ನ ಬಂಡೆ ಸುಡುತ್ತದೆ, ಕಾಲುಚೀಲ ಮರೆಯಬಾರದು.