ಭಾನುವಾರದ ಸ್ನೇಹ, ಸೋಮವಾರದ ನಿದ್ದೆ

ಎರಡು ದಿನ ರಜೆ ಕೂಡಿ ಬಂತೆಂದರೆ ತಿಪಟೂರಿನ ಬಸ್ ನಿಲ್ದಾಣದಲ್ಲಿ, ರೈಲು ನಿಲ್ದಾಣದಲ್ಲಿ ಬೆನ್ನಿಗೆ ಚೀಲ ಹಾಕಿಕೊಂಡ ಹುಡುಗ ಹುಡುಗಿಯರು ಇಳಿಯುವುದನ್ನು ನೀವು ನೋಡಿಯೇ ಇರುತ್ತೀರಿ. ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯವರು ಕೆ.ಬಿ. ಕ್ರಾಸಿನಲ್ಲೇ ಇಳಿದುಕೊಳ್ಳುತ್ತಾರೆ. ಊರಿನಲ್ಲಿ ಅಪ್ಪ ತೆಂಗಿನ ತೋಟ ನೋಡಿಕೊಳ್ಳುತ್ತಾರೆ, ಮಗ ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾನೆ. ಬೆಂಗಳೂರು ಎನ್ನುವುದು ಹೆಸರಿಗೆ ಮಾತ್ರ. ಒಂದು ದಿನ ಹುಬ್ಬಳ್ಳಿ, ಮತ್ತೊಂದು ದಿನ ಕೊಯಮತ್ತೂರು, ಮುಂದಿನ ವಾರ ಹೈದರಾಬಾದು. ಅವನ ಹಾಸಿಗೆ ಹೆಚ್ಚಿನ ರಾತ್ರಿಗಳಲ್ಲಿ ಬಸ್ಸಿನ ಸೀಟು, ಇಲ್ಲವೇ ಲಾಡ್ಜಿನ ಮಂಚ.

ನಿಮ್ಮ ಮನೆಯಲ್ಲೂ ಅಂಥವರೊಬ್ಬರು ಇರಬಹುದು. ಈ ವಾರದ ಅಂಕಣ ಅವರಿಗಾಗಿ. ಅವರಿಗಿಂತ ಹೆಚ್ಚಾಗಿ, ಅವರ ದಾರಿ ಕಾಯುವ ನಿಮಗಾಗಿ.

ಕೆಲವು ತಿಂಗಳ ಹಿಂದೆ ತಾಯಿಯೊಬ್ಬರು ಇಪ್ಪತ್ತೆಂಟು ವರ್ಷದ ಮಗನನ್ನು ನನ್ನಲ್ಲಿಗೆ ಕರೆತಂದರು. (ಗುರುತು ಸಿಗಬಾರದೆಂದು ಕೆಲವು ವಿವರಗಳನ್ನು ಬದಲಿಸಿದ್ದೇನೆ.) ಯಂತ್ರಗಳನ್ನು ಮಾರುವ ಕಂಪನಿಯೊಂದರಲ್ಲಿ ಅವನು ಎಂಜಿನಿಯರ್. ಎಲ್ಲಿ ಯಂತ್ರ ಕೆಟ್ಟರೂ ಓಡಬೇಕು. ಬಲ ಭುಜದಲ್ಲಿ ಸೀಟುಬೆಲ್ಟ್ ಒತ್ತಿದ ಗಾಯದ ಕಲೆ ಇನ್ನೂ ಇತ್ತು.

ಹಿಂದಿನ ತಿಂಗಳು ಅವನು ಎರಡು ದಿನಕ್ಕೆಂದು ಊರಿಗೆ ಬಂದಿದ್ದ. ಭಾನುವಾರ ಬೆಳಿಗ್ಗೆ ಏಳಕ್ಕೆ ಎದ್ದವನು ಹಗಲೆಲ್ಲ ನೆಂಟರ ಮನೆಯ ಗೃಹಪ್ರವೇಶದಲ್ಲಿ ಓಡಾಡಿದ. ರಾತ್ರಿ ಕಾಲೇಜಿನ ಗೆಳೆಯರೊಂದಿಗೆ ಹರಟೆಗೆ ಕುಳಿತವನು ಎದ್ದದ್ದು ಒಂದೂವರೆಗೆ. ಸೋಮವಾರ ಬೆಳಿಗ್ಗೆ ಎಂಟಕ್ಕೆಲ್ಲ ಬೆಂಗಳೂರಿನಲ್ಲಿ ಇರಬೇಕು. 'ಇನ್ನು ಮಲಗಿದರೆ ಏಳುವುದಿಲ್ಲ' ಎಂದು ಮೂರೂವರೆಗೆ ಕಾರು ಹತ್ತಿದ. ಬೆಂಗಳೂರಿಗೇ ಹೋಗಬೇಕಿದ್ದ ಗೆಳೆಯನೊಬ್ಬ ಜೊತೆಗೆ ಬಂದ. ಬಿ.ಎಚ್. ರಸ್ತೆಯಲ್ಲಿ ಗುಬ್ಬಿ ದಾಟಿದ ಸ್ವಲ್ಪ ಹೊತ್ತಿಗೆ ಕಾರು ರಸ್ತೆ ಬಿಟ್ಟು ಪಕ್ಕದ ಮೋರಿಗೆ ಗುದ್ದಿತು. 'ಕಣ್ಣು ಮುಚ್ಚಿದ್ದೇ ಗೊತ್ತಾಗ್ಲಿಲ್ಲ ಸಾರ್' ಎಂದ ಹುಡುಗ. ಗೆಳೆಯನ ಕೊರಳೆಲುಬು ಮುರಿದಿತ್ತು. ಇಬ್ಬರೂ ಉಳಿದದ್ದು ಪುಣ್ಯ.

ಅವರ ತಾಯಿಗೆ ಖಾತ್ರಿಯಾಗಿದ್ದ ಕಾರಣವೇ ಬೇರೆ. 'ಡಾಕ್ಟ್ರೇ, ನೀವಾದ್ರೂ ಒಂದ್ಮಾತು ಹೇಳಿ. ತಿಂಗ್ಳಿಗೊಂದು ಸಲ ಬರ್ತಾನೆ. ಬಂದ್ರೆ ಮನೆಗೆ ಬರೋದು ಊಟಕ್ಕಷ್ಟೆ. ಈ ಸ್ನೇಹಿತರ ಸಾವಾಸ ಬಿಡಿಸಿ, ಎಲ್ಲ ಸರಿಹೋಗುತ್ತೆ' ಎಂದರು.

ಆ ತಾಯಿಯ ಸಂಕಟ ನನಗೆ ಅರ್ಥವಾಯಿತು. ಆದರೆ ಅವರು ಹೇಳಿದ ಚಿಕಿತ್ಸೆಯನ್ನು ಒಪ್ಪಲು ಸಾಧ್ಯವಾಗಲಿಲ್ಲ.

ಕುಡಿಯದೆಯೂ ಅಮಲು

ಹುಡುಗ ಅಂದು ಒಂದು ತೊಟ್ಟೂ ಮದ್ಯ ಮುಟ್ಟಿರಲಿಲ್ಲ. ಪೊಲೀಸರು ಊದಿಸಿ ನೋಡಿದ್ದರೂ ಏನೂ ಸಿಗುತ್ತಿರಲಿಲ್ಲ. ಹಾಗಾದರೆ ಅವನ ಕೈ ಸ್ಟಿಯರಿಂಗ್ ಮೇಲೆ ಯಾಕೆ ನಿಲ್ಲಲಿಲ್ಲ?

ಆಸ್ಟ್ರೇಲಿಯಾದ ಡ್ರೂ ಡಾಸನ್ ಮತ್ತು ಕ್ಯಾಥರಿನ್ ರೀಡ್ ಎಂಬ ಸಂಶೋಧಕರು 1997ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಒಂದು ಪ್ರಯೋಗದ ವಿವರ ಪ್ರಕಟಿಸಿದರು. ಅದೇ ಜನರಿಗೆ ಒಮ್ಮೆ ಮದ್ಯ ಕುಡಿಸಿ, ಮತ್ತೊಮ್ಮೆ ನಿದ್ದೆಗೆಡಿಸಿ, ಕಣ್ಣು ಕೈ ಒಟ್ಟಿಗೆ ಎಷ್ಟು ಚುರುಕಾಗಿ ಕೆಲಸ ಮಾಡುತ್ತವೆ ಎಂದು ಅಳೆದರು. ಸತತ 17 ಗಂಟೆ ಎಚ್ಚರವಿದ್ದವರ ಚುರುಕು, 100 ಮಿಲಿಲೀಟರ್ ರಕ್ತದಲ್ಲಿ 50 ಮಿಲಿಗ್ರಾಂ ಮದ್ಯಸಾರ ಇದ್ದವರ ಮಟ್ಟಕ್ಕೆ ಇಳಿದಿತ್ತು. 24 ಗಂಟೆ ಎಚ್ಚರವಿದ್ದಾಗ ಅದು ಸುಮಾರು 100 ಮಿಲಿಗ್ರಾಂಗೆ ಸಮ. ನಮ್ಮ ದೇಶದ ಮೋಟಾರು ವಾಹನ ಕಾಯ್ದೆ ಚಾಲಕರಿಗೆ ಹಾಕಿರುವ ಮಿತಿ 30 ಮಿಲಿಗ್ರಾಂ. ಅಂದರೆ ಬೆಳಿಗ್ಗೆ ಆರಕ್ಕೆ ಎದ್ದವರು ರಾತ್ರಿ ಹನ್ನೊಂದಕ್ಕೆ ಕಾರು ಹತ್ತಿದರೆ, ಕುಡಿಯದೆಯೂ ಕಾನೂನಿನ ಗೆರೆ ದಾಟಿದವರಂತೆಯೇ! ನಮ್ಮ ಹುಡುಗ ಕಾರು ಹತ್ತುವಾಗ ಇಪ್ಪತ್ತೂವರೆ ಗಂಟೆಯಿಂದ ಎಚ್ಚರವಿದ್ದ.

ಅದರ ಮೇಲೆ ಹೊತ್ತೂ ಕೆಟ್ಟದ್ದು. ನಮ್ಮ ದೇಹದೊಳಗಿನ ಗಡಿಯಾರ ಬೆಳಗಿನ ಜಾವ ಎರಡರಿಂದ ಆರರವರೆಗೆ ನಿದ್ದೆಯನ್ನು ಅತಿ ಜೋರಾಗಿ ಎಳೆಯುತ್ತದೆ. ಮಧ್ಯಾಹ್ನ ಊಟದ ನಂತರ ಎರಡರಿಂದ ನಾಲ್ಕರವರೆಗೆ ಅದಕ್ಕಿಂತ ಸ್ವಲ್ಪ ಮೆಲ್ಲಗೆ ಎಳೆಯುತ್ತದೆ. ಚಾಲಕರು ತೂಕಡಿಸಿ ಆಗುವ ಅಪಘಾತಗಳು ಹೆಚ್ಚಾಗುವುದೂ ಈ ಎರಡು ಹೊತ್ತಿನಲ್ಲೇ. ಗಂಟೆಗೆ 80 ಕಿ.ಮೀ. ವೇಗದಲ್ಲಿ ಹೋಗುವ ಕಾರು ಒಂದು ಸೆಕೆಂಡಿಗೆ 22 ಮೀಟರ್ ಸಾಗುತ್ತದೆ. ಮೂರು ಸೆಕೆಂಡು ರೆಪ್ಪೆ ಅಂಟಿತೆಂದರೆ, ಚಾಲಕನೇ ಇಲ್ಲದ ಕಾರು 66 ಮೀಟರ್ ಓಡಿರುತ್ತದೆ.

'ಕಾಫಿ ಕುಡಿದೆ, ಕಿಟಕಿ ಇಳಿಸಿದೆ, ಹಾಡು ಜೋರಾಗಿ ಹಾಕಿದೆ' ಎಂದು ಹುಡುಗ ಪಟ್ಟಿ ಕೊಟ್ಟ. ಗಾಳಿ, ಹಾಡುಗಳ ಪ್ರಭಾವ ಕೆಲವು ನಿಮಿಷ ಮಾತ್ರ. ಕಾಫಿಯದು ಸ್ವಲ್ಪ ಬೇರೆ ಕಥೆ. ನಾವು ಎಚ್ಚರವಿದ್ದಷ್ಟು ಹೊತ್ತೂ ಮೆದುಳಿನಲ್ಲಿ ಅಡಿನೋಸಿನ್ ಎಂಬ ವಸ್ತು ಕೂಡಿಕೊಳ್ಳುತ್ತ ಹೋಗುತ್ತದೆ. ಅದು ಹೆಚ್ಚಿದಂತೆಲ್ಲ ನಿದ್ದೆ ಒತ್ತುತ್ತದೆ. ಮಲಗಿದಾಗ ಇಳಿಯುತ್ತದೆ. ಕಾಫಿಯಲ್ಲಿರುವ ಕೆಫೀನ್ ಅದನ್ನು ಇಳಿಸುವುದಿಲ್ಲ, ಅದು ಕೂರಬೇಕಾದ ಜಾಗಕ್ಕೆ ತಾನು ಟವೆಲ್ ಹಾಕುತ್ತದೆ ಅಷ್ಟೆ. ಬಸ್ಸಿನಲ್ಲಿ ಟವೆಲ್ ಹಾಕಿ ಸೀಟು ಹಿಡಿದ ಮಾತ್ರಕ್ಕೆ ನಿಂತಿರುವವರ ಸಂಖ್ಯೆ ಕಡಿಮೆಯಾಗುತ್ತದೆಯೇ? ಕೆಫೀನಿನ ಬಲ ಇಳಿದ ಕೂಡಲೇ ಕಾಯುತ್ತಿದ್ದ ನಿದ್ದೆ ಒಟ್ಟಿಗೇ ನುಗ್ಗುತ್ತದೆ.

ಅಲ್ಲಾಡಿಸಿ ನೋಡಲಾಗದು

ಇಲ್ಲಿ ಇನ್ನೊಂದು ತೊಡಕಿದೆ. ಅಟ್ಟದ ಮೇಲೆ ಹತ್ತು ಹನ್ನೆರಡು ತಿಂಗಳು ಇಟ್ಟ ಕಾಯಿ ಕೊಬ್ಬರಿಯಾಗಿದೆಯೋ ಇಲ್ಲವೋ ಎಂದು ತಿಳಿಯಲು ನಮ್ಮ ರೈತರು ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಒಳಗಿನ ಉಂಡೆ ಕರಟ ಬಿಟ್ಟು ಲೊಡಲೊಡ ಎಂದರೆ ಗೊತ್ತಾಗುತ್ತದೆ. ನಿದ್ದೆಗೆಟ್ಟ ಮನುಷ್ಯನಲ್ಲಿ ಅಂಥ ಸದ್ದು ಬರುವುದಿಲ್ಲ. ಅವನಿಗೇ ಕೇಳಿಸುವುದಿಲ್ಲ ಎನ್ನುವುದು ಇನ್ನೂ ಅಪಾಯ.

ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ತಂಡವೊಂದು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆರೋಗ್ಯವಂತರನ್ನು ಎರಡು ವಾರ ರಾತ್ರಿಗೆ ಆರೇ ಗಂಟೆ ಮಲಗಲು ಬಿಡಲಾಯಿತು. ಎರಡು ವಾರ ಮುಗಿಯುವ ಹೊತ್ತಿಗೆ ಅವರ ಗಮನಶಕ್ತಿ ಇಡೀ ರಾತ್ರಿ ನಿದ್ದೆಗೆಟ್ಟವರಷ್ಟು ಕುಗ್ಗಿತ್ತು. ಕೇಳಿದರೆ ಅವರು ಮಾತ್ರ 'ಅಂಥ ನಿದ್ದೆಯೇನೂ ಇಲ್ಲ' ಎನ್ನುತ್ತಿದ್ದರು. 'ನನಗೆ ಐದು ಗಂಟೆ ಸಾಕು, ಅಭ್ಯಾಸವಾಗಿದೆ' ಎನ್ನುವ ಯುವಕರ ಮಾತನ್ನು ನಾನು ನಂಬದಿರುವುದು ಇದಕ್ಕೇ. ವಯಸ್ಕರಿಗೆ ರಾತ್ರಿಗೆ ಏಳು ಗಂಟೆಗೆ ಕಡಿಮೆಯಿಲ್ಲದ ನಿದ್ದೆ ಬೇಕು.

ನಿದ್ದೆಯ ಸಾಲ ರಸ್ತೆಯಲ್ಲಷ್ಟೇ ವಸೂಲಾಗುವುದಿಲ್ಲ. ಷಿಕಾಗೋ ವಿಶ್ವವಿದ್ಯಾಲಯದಲ್ಲಿ 11 ಮಂದಿ ಆರೋಗ್ಯವಂತ ಯುವಕರನ್ನು ಆರು ರಾತ್ರಿ ನಾಲ್ಕೇ ಗಂಟೆ ಮಲಗಿಸಿ ನೋಡಿದಾಗ, ರಕ್ತದಲ್ಲಿನ ಸಕ್ಕರೆಯನ್ನು ನಿಭಾಯಿಸುವ ಅವರ ದೇಹದ ಶಕ್ತಿ ಎದ್ದು ಕಾಣುವಷ್ಟು ಕುಗ್ಗಿತ್ತು. 1999ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂದ ವರದಿ ಇದು. ಆರೇ ರಾತ್ರಿಗೆ ಹೀಗಾದರೆ ಆರು ವರ್ಷಕ್ಕೆ? ನನ್ನ ಮುಂದಿದ್ದ ಹುಡುಗನ ಸೊಂಟದ ಸುತ್ತಳತೆ 96 ಸೆಂಟಿಮೀಟರ್. ನಮ್ಮ ಜನರಲ್ಲಿ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ದಾಟಬಾರದು. ಖಾಲಿ ಹೊಟ್ಟೆಯ ಸಕ್ಕರೆ 112 ಇತ್ತು. ನೂರರ ಒಳಗಿದ್ದರೆ ಸರಿ, 126 ಮುಟ್ಟಿದರೆ ಮಧುಮೇಹ. ಇವನು ನಡುವಿನ ದಾರಿಯಲ್ಲಿ ನಿಂತಿದ್ದ. ತಂದೆಗೆ ಆಗಲೇ ಸಕ್ಕರೆ ಕಾಯಿಲೆ ಇತ್ತು.

ಹಾದಿಯ ಊಟದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕ್ಯಾತ್ಸಂದ್ರದ ತಟ್ಟೆ ಇಡ್ಲಿಯನ್ನು ಬಿಡಿ ಎನ್ನುವಷ್ಟು ನಿಷ್ಠುರ ವೈದ್ಯ ನಾನಲ್ಲ. ಆದರೆ ತೋಟದಲ್ಲಿ ಎಳನೀರು ತೂಗುತ್ತಿರುವ ಮನೆಯ ಹುಡುಗ ಹೆದ್ದಾರಿಯಲ್ಲಿ ಗಾಡಿ ನಿಲ್ಲಿಸಿ ಬಣ್ಣದ ಸಿಹಿ ಪಾನೀಯದ ಬಾಟಲಿ ಕೊಳ್ಳುವುದನ್ನು ನೋಡಿದರೆ ಬೇಸರವಾಗುತ್ತದೆ. (ಮೂತ್ರಪಿಂಡದ ಕಾಯಿಲೆ ಇರುವವರು ಮಾತ್ರ ಎಳನೀರಿಗೆ ಮೊದಲು ವೈದ್ಯರನ್ನು ಕೇಳಬೇಕು. ಅದರಲ್ಲಿ ಪೊಟ್ಯಾಸಿಯಂ ಹೆಚ್ಚು. ಕೊಬ್ಬರಿ ಎಣ್ಣೆಯ ವಾದಕ್ಕೆ ಮಾತ್ರ ತೆಂಗಿನ ಸೀಮೆಯಲ್ಲಿ ಕೂತು ಇಳಿಯುವ ಧೈರ್ಯ ನನಗಿಲ್ಲ!) ನಾಲ್ಕು ಗಂಟೆಗೂ ಹೆಚ್ಚು ಕುಳಿತೇ ಮಾಡುವ ಪ್ರಯಾಣದಲ್ಲಿ ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವ ಸಂಭವ ತುಸು ಹೆಚ್ಚುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಹೇಳಿತು. ವಿಮಾನವಾಗಲಿ, ಬಸ್ಸಾಗಲಿ ಒಂದೇ. ಎರಡು ಗಂಟೆಗೊಮ್ಮೆ ಎದ್ದು ಓಡಾಡಿ. ಪ್ರಯಾಣದ ನಂತರ ಒಂದೇ ಕಾಲು ಊದಿ ನೋಯುತ್ತಿದ್ದರೆ, ಉಸಿರು ಕಟ್ಟಿದರೆ ಕೂಡಲೇ ಆಸ್ಪತ್ರೆಗೆ ಹೋಗಿ.

ಸ್ನೇಹವನ್ನು ಬಿಡಿಸಬೇಡಿ

ಈಗ ಆ ತಾಯಿಯ ಮಾತಿಗೆ ಬರುತ್ತೇನೆ. ಗೆಳೆಯರನ್ನು ಬಿಡಿಸಿದ್ದರೆ ಹುಡುಗನ ಆರೋಗ್ಯ ಸುಧಾರಿಸುತ್ತಿತ್ತೇ? ನನಗೆ ಹಾಗನ್ನಿಸುವುದಿಲ್ಲ.

ವಾರದ ಐದು ದಿನ ಗುರುತಿಲ್ಲದ ಊರು, ಗುರುತಿಲ್ಲದ ಮುಖ. ಮಾತೆಲ್ಲ ಕೆಲಸದ ಮಾತು. ರಾತ್ರಿ ಲಾಡ್ಜಿನಲ್ಲಿ ಫೋನು, ಟಿ.ವಿ. ಹೀಗಿರುವವನಿಗೆ ತನ್ನನ್ನು ಅಡ್ಡಹೆಸರಿನಲ್ಲಿ ಕೂಗುವ ನಾಲ್ಕು ಜನ ಸಿಗುವುದು ಔಷಧಿಯೇ ಸರಿ. ಇದು ಬರೀ ಭಾವನೆಯ ಮಾತಲ್ಲ. ಅಮೆರಿಕದ ಶೆಲ್ಡನ್ ಕೋಹೆನ್ ಮತ್ತು ಸಂಗಡಿಗರು 276 ಮಂದಿ ಆರೋಗ್ಯವಂತರ ಮೂಗಿಗೆ ನೆಗಡಿಯ ವೈರಸ್ಸನ್ನು ಬೇಕೆಂದೇ ಹಾಕಿ ನೋಡಿದರು. ಮನೆಯವರು, ಗೆಳೆಯರು, ನೆರೆಹೊರೆ, ಸಂಘ ಹೀಗೆ ಹಲವು ಬಗೆಯ ನಂಟು ಇದ್ದವರಿಗೆ ನೆಗಡಿ ಕಡಿಮೆ ಬಂತು. ಇದು 1997ರ ಮಾತು. ಮುಂದೆ 2010ರಲ್ಲಿ 148 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಗಟ್ಟಿಯಾದ ನಂಟುಗಳಿರುವವರು ಹೆಚ್ಚು ಕಾಲ ಬದುಕುವ ಸಾಧ್ಯತೆ ಸ್ಪಷ್ಟವಾಗಿ ಕಂಡಿತು. ಒಂಟಿತನವನ್ನು ಆರೋಗ್ಯದ ಸಮಸ್ಯೆಯೆಂದೇ ಎಣಿಸಿ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಒಂದು ಆಯೋಗವನ್ನೇ ನೇಮಿಸಿತು.

ಇಲ್ಲಿ ಹೆಣ್ಣುಮಕ್ಕಳ ವಿಷಯವನ್ನೂ ಹೇಳಬೇಕು. ಕೆಲಸಕ್ಕಾಗಿ ಊರೂರು ಸುತ್ತುವ ಮಗಳು ಮನೆಗೆ ಬಂದರೆ ಅಡುಗೆ ಮನೆ, ನೆಂಟರಿಷ್ಟರು, ಮದುವೆಯ ಮಾತು. ಗೆಳತಿಯನ್ನು ನೋಡಿ ಬರುತ್ತೇನೆ ಎಂದರೆ 'ಇರೋದೇ ಎರಡು ದಿನ' ಎನ್ನುತ್ತೇವೆ. ಮದುವೆಯಾದ ಮೇಲಂತೂ ಆ ಗೆಳೆತನವೇ ಎಲ್ಲಕ್ಕಿಂತ ಮೊದಲು ಕತ್ತರಿಗೆ ಸಿಗುತ್ತದೆ. ಅವಳಿಗೂ ಈ ಔಷಧಿ ಅಷ್ಟೇ ಅಗತ್ಯ.

ಆದ್ದರಿಂದ ಬದಲಾಗಬೇಕಾದದ್ದು ಗೆಳೆಯರಲ್ಲ, ಹೊತ್ತು. ಶುಕ್ರವಾರ ರಾತ್ರಿ ಊರು ಸೇರಿದ ಮಗನನ್ನು ಶನಿವಾರ ಬೆಳಿಗ್ಗೆ ಎಂಟಕ್ಕೇ ಎಬ್ಬಿಸಿ ಬ್ಯಾಂಕಿಗೆ, ಪೇಟೆಗೆ ಅಟ್ಟಬೇಡಿ. ಅವನು ಎದ್ದ ಮೇಲೆ ಗೆಳೆಯರು ಮನೆಗೇ ಬರಲಿ. ತೋಟದಲ್ಲಿ ಅಡ್ಡಾಡಲಿ. ಮುದ್ದೆ, ಅವರೆಕಾಳಿನ ಸಾರು ನಾಲ್ಕು ಜನರಿಗೆ ಹೆಚ್ಚು ಮಾಡಿದರೆ ಮುಗಿಯಿತು. ಮಗ ಮನೆಯಲ್ಲಿ ಇರುವುದಿಲ್ಲ ಎಂಬ ದೂರೂ ಅರ್ಧ ಕಡಿಮೆಯಾಗುತ್ತದೆ. ರಾತ್ರಿಯ ಕೂಟವೇ ಬೇಕೆಂದರೆ ಅದು ಶನಿವಾರ ಇರಲಿ, ಭಾನುವಾರ ಬೇಡ. ಕೂಟದಲ್ಲಿ ಬಾಟಲಿ ಬಂದರೆ ನಿದ್ದೆ ಬೇಗ ಹತ್ತೀತು, ಆದರೆ ನಡುರಾತ್ರಿಯ ನಂತರ ಅದು ಚೂರುಚೂರಾಗುತ್ತದೆ. ಎಷ್ಟು ಕುಡಿದರೆ ಸುರಕ್ಷಿತ ಎಂದು ಕೇಳುವವರಿಗೆ ವಿಶ್ವ ಆರೋಗ್ಯ ಸಂಸ್ಥೆಯ ಉತ್ತರ, ಅಂಥ ಪ್ರಮಾಣವೇ ಇಲ್ಲ ಎಂದು.

ಹಿಂತಿರುಗುವ ಪ್ರಯಾಣ ಭಾನುವಾರ ಸಂಜೆಯ ರೈಲಿನಲ್ಲಿ ಆದರೆ ಎಲ್ಲಕ್ಕಿಂತ ಒಳ್ಳೆಯದು. ತಿಪಟೂರಿನಿಂದ ಬೆಂಗಳೂರಿಗೆ ರಸ್ತೆಯಲ್ಲಿ ಸುಮಾರು 140 ಕಿ.ಮೀ. ಅಷ್ಟೆ ಎಂದು ಕಾರು ಹತ್ತುವವರು, ಹಿಂದಿನ ರಾತ್ರಿ ಎಷ್ಟು ಗಂಟೆ ಮಲಗಿದ್ದೆ ಎಂದು ಮೊದಲು ಲೆಕ್ಕ ಹಾಕಿ. ವಿದೇಶದಿಂದ ಬಂದು ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ ಇಳಿದವರಂತೂ ತಾವೇ ಗಾಡಿ ಓಡಿಸಿಕೊಂಡು ಊರಿಗೆ ಹೊರಡಲೇಬಾರದು. ಅವರ ದೇಹದ ಗಡಿಯಾರ ಇನ್ನೂ ಅಲ್ಲಿಯೇ ಇರುತ್ತದೆ.

ಮೇಲಿಂದ ಮೇಲೆ ಆಕಳಿಕೆ, ಕಣ್ಣುರಿ, ಕಳೆದ ಎರಡು ಮೂರು ಕಿಲೋಮೀಟರ್ ಹೇಗೆ ಬಂದೆ ಎಂಬುದೇ ನೆನಪಿಲ್ಲದಿರುವುದು, ಗಾಡಿ ತಾನಾಗಿ ರಸ್ತೆಯ ಅಂಚಿಗೆ ಸರಿಯುವುದು. ಇವುಗಳಲ್ಲಿ ಒಂದು ಕಂಡರೂ ಪೆಟ್ರೋಲ್ ಬಂಕಿನಂಥ ಬೆಳಕಿರುವ ಜಾಗದಲ್ಲಿ ನಿಲ್ಲಿಸಿ. ಒಂದು ಕಾಫಿ ಕುಡಿದು, ಕಿಟಕಿಯನ್ನು ಸ್ವಲ್ಪ ಇಳಿಸಿ, ಬಾಗಿಲು ಭದ್ರ ಮಾಡಿ, ಎಂಜಿನ್ ಆರಿಸಿ ಹದಿನೈದು ಇಪ್ಪತ್ತು ನಿಮಿಷ ಮಲಗಿ. ಕಾಫಿ ಕೆಲಸ ಶುರು ಮಾಡಲು ಅಷ್ಟೇ ಹೊತ್ತು ಬೇಕು. ಎದ್ದ ಕೂಡಲೇ ಹೊರಡದೆ ನಾಲ್ಕು ಹೆಜ್ಜೆ ಓಡಾಡಿ. ಇದು ಮನೆ ಮುಟ್ಟುವವರೆಗಿನ ಉಪಾಯವೇ ಹೊರತು ರಾತ್ರಿಯ ನಿದ್ದೆಗೆ ಬದಲಿಯಲ್ಲ.

ಸಾಕಷ್ಟು ಮಲಗಿಯೂ ಹಗಲೆಲ್ಲ ತೂಕಡಿಸುವವರು, ಜೋರಾಗಿ ಗೊರಕೆ ಹೊಡೆಯುತ್ತ ನಡುವೆ ಉಸಿರು ನಿಂತಂತಾಗುವವರು ಅದನ್ನು ತಮಾಷೆಯೆಂದು ಬಿಡದೆ ವೈದ್ಯರಿಗೆ ತೋರಿಸಬೇಕು. ಮನೆಯಲ್ಲಿ ಸಕ್ಕರೆ ಕಾಯಿಲೆ ಇದ್ದು, ವಾರಗಟ್ಟಲೆ ತಿರುಗಾಟದ ಕೆಲಸದಲ್ಲಿರುವ ಯುವಕ ಯುವತಿಯರು ನಲವತ್ತಾಗಲಿ ಎಂದು ಕಾಯದೆ ಈಗಲೇ ರಕ್ತದ ಸಕ್ಕರೆ, ರಕ್ತದೊತ್ತಡ ನೋಡಿಸಿಕೊಳ್ಳಲಿ.

ನಮ್ಮ ಹುಡುಗ ಮೂರು ತಿಂಗಳ ನಂತರ ಮತ್ತೆ ಬಂದಿದ್ದ. ಸಕ್ಕರೆ 104ಕ್ಕೆ ಇಳಿದಿತ್ತು. ಸೊಂಟ ಹೆಚ್ಚೇನೂ ಕರಗಿರಲಿಲ್ಲ. ಊರಿಗೆ ಬರುವುದು ಹೋಗುವುದು ಈಗ ರೈಲಿನಲ್ಲಿ. ಕೊರಳೆಲುಬು ಕೂಡಿಕೊಂಡ ಆ ಗೆಳೆಯನೇ ರಜೆ ಹಾಕಿ ಊರಿಗೆ ಬಂದಾಗಲೆಲ್ಲ ಸ್ಕೂಟರ್ ತಂದು ನಿಲ್ದಾಣದಿಂದ ಮನೆಗೆ ಬಿಡುತ್ತಾನಂತೆ. ಜೊತೆಗೆ ಬಂದಿದ್ದ ತಾಯಿಯನ್ನು 'ಈಗ ಸಮಾಧಾನವೇ ಅಮ್ಮ?' ಎಂದು ಕೇಳಿದೆ.

'ಏನ್ ಸಮಾಧಾನ ಡಾಕ್ಟ್ರೇ, ಬಂದೋನು ಒಂಬತ್ತು ಗಂಟೆಗಂಟ ಮಲಗೇ ಇರ್ತಾನೆ' ಎಂದರು.